ಒಂಬತ್ತು ಬಂತು, ಬರಬೇಕಿದ್ದದ್ದು ಒಂದು ಚಿಲ್ಲರೆ

ಸರಿ, ವಿಡಿಯೋದಲ್ಲಿ ಮೇಜು ಕಾಣಿಸುತ್ತಿದೆ, ಪುಸ್ತಕ ಕಾಣಿಸುತ್ತಿದೆ, ನನ್ನ ಕೈಯೂ ಕಾಣಿಸುತ್ತಿದೆ. ಇವತ್ತು ಫಿಸಿಕ್ಸ್ ಹೋಂವರ್ಕ್. ಹನ್ನೊಂದು ಲೆಕ್ಕ. ಆರು ಬೆಳಕಿನ ಪಾಠದ್ದು, ಐದು ನ್ಯೂಕ್ಲಿಯರ್ ರಿಯಾಕ್ಷನ್‌ದು. ಸುಮ್ನೆ ಜೊತೆಗಿರಿ. ಯಾರಾದರೂ ನೋಡುತ್ತಿದ್ದಾರೆ ಅಂದರೆ ನನಗೆ ಕೈ ಓಡುತ್ತದೆ.

ಮೊದಲ ಎರಡು ಲೆಕ್ಕದ ಶಾಟ್ ವೇಗ ಮಾಡಿದ್ದೇನೆ. ಮೂರನೆಯದು ಪೀನ ಮಸೂರ, ಅಂದರೆ ನಡುವೆ ಉಬ್ಬಿದ ಲೆನ್ಸ್. ಸಂಗಮ ದೂರ, ಅಂದರೆ ಎಫ್, 20 ಸೆಂ.ಮೀ., ವಸ್ತು ಇರುವುದು 30 ಸೆಂ.ಮೀ. ದೂರದಲ್ಲಿ. ಇಲ್ಲಿ ಪೆನ್ನು ನಿಂತಿತು ನೋಡಿ, ಅದು ಮೈನಸ್ ಹಾಕುವುದಕ್ಕೆ. ವಸ್ತುವಿನ ದೂರ ಮೈನಸ್ 30. ಆ ಒಂದು ಗೆರೆ ಹಾಕಿದರೆ ಪ್ರತಿಬಿಂಬ 60 ಸೆಂ.ಮೀ.ಗೆ ಬರುತ್ತದೆ, ಮಸೂರದ ಆಚೆ ಬದಿ, ತಲೆಕೆಳಗಾಗಿ, ಎರಡರಷ್ಟು ದೊಡ್ಡದಾಗಿ. ಗೆರೆ ಮರೆತರೆ 12 ಬರುತ್ತದೆ. 12 ನೋಡುವುದಕ್ಕೆ ಚೆನ್ನಾಗಿಯೇ ಇದೆ, ಅದೇ ತೊಂದರೆ. ತಪ್ಪು ಅಂತ ಅದರ ಮುಖದ ಮೇಲೆ ಬರೆದಿರುವುದಿಲ್ಲ ಅಲ್ವಾ? ಅದಕ್ಕೇ ನಾನು ಮೊದಲು ಮೂಲೆಯಲ್ಲಿ ಚಿಕ್ಕದಾಗಿ ಕಿರಣದ ಚಿತ್ರ ಬರೆದುಕೊಳ್ಳುತ್ತೇನೆ. ವಸ್ತು ಎಫ್‌ಗೂ ಎರಡು ಎಫ್‌ಗೂ ನಡುವೆ ಇದ್ದರೆ ಪ್ರತಿಬಿಂಬ ಎರಡು ಎಫ್ ದಾಟಿಯೇ ಹೋಗಬೇಕು, ಅಂದರೆ 40ಕ್ಕಿಂತ ಜಾಸ್ತಿ. ಚಿತ್ರ ಇದ್ದರೆ 12ನ್ನು ಅಲ್ಲೇ ಹಿಡಿಯಬಹುದು.

ಬೆಳಕಿನ ಪಾಠ ಬೇಜಾರು ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಆ ಮಾತು ವಾಪಸ್. ಈ ಶಾಟ್ ನೋಡಿ. ನೀರು ತುಂಬಿದ ಗಾಜಿನ ಲೋಟ, ಹಿಂದೆ ಕಾಗದದ ಮೇಲೆ ಒಂದು ಬಾಣದ ಗುರುತು. ಲೋಟಕ್ಕೆ ತಾಗಿಸಿ ಹಿಡಿದಾಗ ಬಾಣ ಬಲಕ್ಕೇ ಇದೆ, ಸ್ವಲ್ಪ ಅಗಲವಾಗಿದೆ. ನಿಧಾನವಾಗಿ ಹಿಂದಕ್ಕೆ ಎಳೆದೆ. ಬಾಣ ಹಿಗ್ಗಿತು, ಇನ್ನೂ ಹಿಗ್ಗಿತು, ಲೋಟದ ತುಂಬಾ ಕಪ್ಪು ಬಳಿದಂತೆ ಆಯ್ತು, ಆಮೇಲೆ ಪಟಕ್ಕನೆ ಎಡಕ್ಕೆ ತಿರುಗಿತು. ಆದರೆ ತಲೆಕೆಳಗಾಗಲಿಲ್ಲ. ಲೋಟ ಅಡ್ಡಕ್ಕೆ ಮಾತ್ರ ದುಂಡಗಿದೆ, ಉದ್ದಕ್ಕೆ ನೆಟ್ಟಗಿದೆ, ಹಾಗಾಗಿ ಎಡ ಬಲ ಅದಲುಬದಲು, ಮೇಲೆ ಕೆಳಗೆ ಇದ್ದಲ್ಲೇ. ಈ ಲೋಟದ ಅಗಲ 7 ಸೆಂ.ಮೀ., ಬಾಣ ತಿರುಗಿದ್ದು ಲೋಟದಿಂದ ಸುಮಾರು ಮೂರೂವರೆ ಸೆಂ.ಮೀ. ಹಿಂದೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ) 1.33 ಹಾಕಿ ಲೆಕ್ಕ ಮಾಡಿದರೂ ಅಷ್ಟೇ ಬರುತ್ತದೆ. ಐದು ಸಲ ಮಾಡಿದೆ, ಐದು ಸಲವೂ ಖುಷಿಯಾಯ್ತು.

ಮುಂದೆ. ಕ್ರಿಟಿಕಲ್ ಆಂಗಲ್, ಅಂದರೆ ಅದನ್ನು ದಾಟಿದರೆ ಬೆಳಕು ಗಾಜಿನಿಂದ ಹೊರಬರದೆ ಒಳಗೇ ತಿರುಗುವ ಕೋನ. ಗಾಜಿಗೆ 1.5 ಹಾಕಿದರೆ 41.8 ಡಿಗ್ರಿ, ಮುಗೀತು. ಆರನೆಯದನ್ನು ಬಿಟ್ಟು ಮುಂದಕ್ಕೆ ಹೋದೆ, ಅದರ ಚಿತ್ರ ದೊಡ್ಡದು. ಯುರೇನಿಯಂ-235ಕ್ಕೆ ಒಂದು ನ್ಯೂಟ್ರಾನ್ ಬಡಿದು ಬೇರಿಯಂ-141, ಕ್ರಿಪ್ಟಾನ್-92 ಆದರೆ ಎಷ್ಟು ನ್ಯೂಟ್ರಾನ್ ಹೊರಬರುತ್ತವೆ? 235ಕ್ಕೆ ಒಂದು ಸೇರಿ 236, ಅದರಲ್ಲಿ 141 ಮತ್ತು 92, ಒಟ್ಟು 233 ಕಳೆದರೆ ಮೂರು. ಇಂಥವು ನನಗೆ ಇಷ್ಟ.

ಈಗ ಒಂಬತ್ತನೇ ಲೆಕ್ಕ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಒಂದು ಗಂಟೆ ಹತ್ತು ನಿಮಿಷ ಇದೊಂದೇ ತಿಂದಿತು. ರುದರ್‌ಫೋರ್ಡ್ 1919ರಲ್ಲಿ ಪ್ರಕಟಿಸಿದ ಪ್ರಯೋಗ. ನೈಟ್ರೋಜನ್-14ಕ್ಕೆ ಆಲ್ಫಾ ಕಣ (ಹೀಲಿಯಂ-4ರ ನ್ಯೂಕ್ಲಿಯಸ್) ಬಡಿದು ಆಕ್ಸಿಜನ್-17 ಮತ್ತು ಒಂದು ಪ್ರೋಟಾನ್. ಶಕ್ತಿ ಎಷ್ಟು ಅಂತ ಕಂಡುಹಿಡಿಯಬೇಕು. ಕೋಷ್ಟಕದಲ್ಲಿ ರಾಶಿಗಳು (ಮಾಸ್) ಆರು ದಶಾಂಶ ಸ್ಥಾನದವರೆಗೆ ಇವೆ, ನಾನು ಎರಡೇ ಸ್ಥಾನ ಬರೆದುಕೊಂಡೆ, ಲೆನ್ಸ್ ಲೆಕ್ಕದಲ್ಲಿ ಅಷ್ಟು ಸಾಕಾಗಿತ್ತಲ್ಲ. ಎಡಕ್ಕೆ 14.00 ಮತ್ತು 4.00, ಒಟ್ಟು 18.00. ಬಲಕ್ಕೆ 17.00 ಮತ್ತು 1.01, ಒಟ್ಟು 18.01. ವ್ಯತ್ಯಾಸ ಮೈನಸ್ 0.01. ಅದನ್ನು 931.5ರಿಂದ, ಅಂದರೆ ರಾಶಿಯನ್ನು ಶಕ್ತಿಗೆ ಬದಲಿಸುವ ಅಂಕಿಯಿಂದ, ಗುಣಿಸಿದರೆ ಮೈನಸ್ 9.3 ಎಂಇವಿ (ನ್ಯೂಕ್ಲಿಯರ್ ಶಕ್ತಿ ಅಳೆಯುವ ಮಾನ). ಪುಸ್ತಕದ ಹಿಂದೆ ಮೈನಸ್ 1.19 ಅಂತಿದೆ.

ಮೊದಲು 931.5 ಮೇಲೆ ಅನುಮಾನ ಬಂತು. ಅದು ಸರಿ ಇತ್ತು. ಆಮೇಲೆ ಪ್ರೋಟಾನಿನ ರಾಶಿ ಹಾಕಬೇಕೋ, ಹೈಡ್ರೋಜನ್ ಪರಮಾಣುವಿನದ್ದೋ ಅಂತ. ಕೋಷ್ಟಕದಲ್ಲಿರುವುದು ಪರಮಾಣುವಿನ ರಾಶಿ, ಎಲೆಕ್ಟ್ರಾನೂ ಸೇರಿರುತ್ತದೆ. ಎಡಕ್ಕೆ ಏಳು ಮತ್ತು ಎರಡು, ಒಂಬತ್ತು ಎಲೆಕ್ಟ್ರಾನ್. ಬಲಕ್ಕೆ ಎಂಟು ಮತ್ತು ಒಂದು, ಒಂಬತ್ತು. ಹಾಗಾಗಿ ಹೈಡ್ರೋಜನ್ನೇ ಸರಿ. ತಪ್ಪು ಅಲ್ಲೂ ಇರಲಿಲ್ಲ. ಪುಸ್ತಕವೇ ತಪ್ಪು ಅಂತ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದೂ ಬಿಟ್ಟೆ.

ಕೊನೆಗೆ ಆರೂ ಸ್ಥಾನ ಬರೆದು ಕೂಡಿದೆ. ಎಡಕ್ಕೆ 18.005677. ಬಲಕ್ಕೆ 18.006957. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ, ವ್ಯತ್ಯಾಸ ಶುರುವಾಗುವುದೇ ಮೂರನೇ ಸ್ಥಾನದಿಂದ. ನಾನು ಉತ್ತರವಿದ್ದ ಜಾಗವನ್ನೇ ಕತ್ತರಿಸಿ ಹಾಕಿ, ಉಳಿದದ್ದರಲ್ಲಿ ಉತ್ತರ ಹುಡುಕುತ್ತಿದ್ದೆ. ಮೈನಸ್ 0.001280. ಗುಣಿಸಿದರೆ ಮೈನಸ್ 1.19. ಪೆನ್ಸಿಲ್ ಬರಹ ಅಳಿಸಿದೆ. ಇಷ್ಟು ಮುಖ್ಯವಾದ ಮಾತನ್ನು ಪಾಠದಲ್ಲಿ ಒಂದು ಸಾಲು ಹೇಳಬಾರದಾ? ಕೋಷ್ಟಕ ಕೊಟ್ಟರೆ ಸಾಲದು, ಆರು ಸ್ಥಾನ ಯಾಕೆ ಕೊಟ್ಟಿದ್ದೇವೆ ಅಂತಲೂ ಹೇಳಬೇಕು.

ಮೈನಸ್ ಅಂದರೆ ಇಲ್ಲಿ ಶಕ್ತಿ ಹೊರಬರುವುದಿಲ್ಲ, ಕೊಡಬೇಕು. ಆಲ್ಫಾ ಕಣ ವೇಗವಾಗಿ ಬಂದು ಅದನ್ನು ತರುತ್ತದೆ. ಅಂದ ಹಾಗೆ ಇದರ ಫೋಟೋ ತೆಗೆದದ್ದು ಬ್ಲ್ಯಾಕೆಟ್ ಅನ್ನುವ ವಿಜ್ಞಾನಿ, 1925ರಲ್ಲಿ ಪ್ರಕಟವಾಯ್ತು. ಕ್ಲೌಡ್ ಚೇಂಬರ್‌ನಲ್ಲಿ (ಕಣ ಹೋದ ದಾರಿಯನ್ನು ಮಂಜಿನ ಗೆರೆಯಾಗಿ ತೋರಿಸುವ ಪೆಟ್ಟಿಗೆ) ಸುಮಾರು 23,000 ಫೋಟೋ, ನಾಲ್ಕು ಲಕ್ಷಕ್ಕೂ ಜಾಸ್ತಿ ಆಲ್ಫಾ ಗೆರೆಗಳು, ಅದರಲ್ಲಿ ಈ ರಿಯಾಕ್ಷನ್ ಸಿಕ್ಕಿದ್ದು ಎಂಟೇ ಎಂಟು. ಬಡಿದ ಮೇಲೆ ಎರಡೇ ಕವಲು, ಒಂದು ತೆಳು, ಒಂದು ದಪ್ಪ. ಮೂರನೆಯದಿಲ್ಲ. ಅಂದರೆ ಆಲ್ಫಾ ಕಣ ನೈಟ್ರೋಜನ್ ಒಳಗೇ ಸೇರಿಕೊಂಡಿತು. ಒಬ್ಬೊಬ್ಬರ ತಾಳ್ಮೆ ಎಂಥದ್ದು, ಆ ಎಂಟು ಚಿತ್ರ ಸಿಗುವವರೆಗೆ... ಅಯ್ಯೋ, ಶಾಟ್ ಮುಗಿಯುತ್ತಿದೆ.

ಹತ್ತು ಮುಗೀತು. ಹನ್ನೊಂದು ಡ್ಯೂಟೀರಿಯಂ, ಟ್ರಿಟಿಯಂ ಅನ್ನುವ ಎರಡು ಭಾರದ ಹೈಡ್ರೋಜನ್‌ಗಳು ಕೂಡುವುದು. ಆರೂ ಸ್ಥಾನ ಬರೆದೆ, 17.6 ಎಂಇವಿ ಬಂತು. ಎರಡೇ ಸ್ಥಾನ ಹಾಕಿದ್ದರೆ 18.6 ಬರುತ್ತಿತ್ತು, ಹತ್ತಿರ ಇದೆಯಲ್ಲ ಅಂತ ಹಾಗೇ ಬಿಟ್ಟುಬಿಡುತ್ತಿದ್ದೆ. ಅದು ಇನ್ನೂ ಕೆಟ್ಟದ್ದು.

ಕೊನೆಯ ಶಾಟ್‌ನಲ್ಲಿ ಆರನೇ ಲೆಕ್ಕದ ಚಿತ್ರಕ್ಕೆ ಸ್ಕೇಲ್ ಹುಡುಕುತ್ತಿದ್ದೇನೆ. ಅದು ನೀರಿನ ಲೋಟದ ಹಿಂದೆ ಇತ್ತು. ಅಲ್ಲಿ ನೋಡಿ, ಸ್ಕೇಲಿನ ಅಂಕಿಗಳೆಲ್ಲ ಎಡ ಬಲ ತಿರುಗಿ ನಿಂತಿವೆ.