ಖಾಲಿ ಇದೆ ಅಂದುಕೊಂಡ ಕೋವಿ

ಎಲ್ಲರಿಗೂ ನಮಸ್ಕಾರ. ಕಾನೂನು ಒಪ್ಪಿದ ಕಡೆ, ಪರವಾನಗಿ ಪಡೆದು ಬೇಟೆಗೆ ಹೋಗುವವರಿಗಾಗಿ ಈ ಮಾತು. ಗುರಿ ಇಡುವುದು ಹೇಗೆ ಅಂತ ಇವತ್ತು ಹೇಳುವುದಿಲ್ಲ. ಈಡು ಹೊಡೆಯದೆ ಇರುವ ಹೊತ್ತಿನಲ್ಲಿ ಕೋವಿ ಹೇಗಿರಬೇಕು ಅನ್ನುವುದೇ ನನ್ನ ವಿಷಯ. ಕೋವಿಯ ಆಯುಸ್ಸಿನಲ್ಲಿ ಆ ಹೊತ್ತೇ ಜಾಸ್ತಿ, ಅಲ್ವಾ? ಕೈಯಲ್ಲಿ, ಗಾಡಿಯಲ್ಲಿ, ಕಪಾಟಿನಲ್ಲಿ.

ಅನಾಹುತ ಆದ ಮೇಲೆ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ. 'ಖಾಲಿ ಇದೆ ಅಂದುಕೊಂಡಿದ್ದೆ.' ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ತೋಟೆ ತೆಗೆದಿಟ್ಟ ನೆನಪು ಅವರಿಗೆ ನಿಜವಾಗಿಯೂ ಇರುತ್ತದೆ. ಆದರೆ ಅದು ನಿನ್ನೆಯದೋ ಮೊನ್ನೆಯದೋ ಆಗಿರುತ್ತದೆ. ಹಾಗಾಗಿ ನಾನು ಒತ್ತಿ ಹೇಳುವುದು ಇಷ್ಟೇ: ಕೋವಿಯ ವಿಷಯದಲ್ಲಿ ನೆನಪನ್ನು ನಂಬಬೇಡಿ. ಕೈಗೆ ಬಂದಾಗಲೆಲ್ಲ ತೆರೆದು ನೋಡಿ. ಈಗಷ್ಟೇ ನೋಡಿ ಪಕ್ಕಕ್ಕೆ ಇಟ್ಟಿದ್ದರೂ ಮತ್ತೆ ನೋಡಿ. ಅಮೆರಿಕದ ಕೋವಿ ತರಬೇತುದಾರ ಜೆಫ್ ಕೂಪರ್ ಹೇಳಿಕೊಟ್ಟ ನಾಲ್ಕು ನಿಯಮಗಳಲ್ಲಿ ಮೊದಲನೆಯದೂ ಇದೇ: ಎಲ್ಲ ಕೋವಿಗಳೂ ಯಾವಾಗಲೂ ತುಂಬಿಯೇ ಇವೆ.

ನೋಡುವುದಕ್ಕೂ ಒಂದು ಕ್ರಮ ಇದೆ. ನಳಿಕೆಯ ಬಾಯಿ ಯಾರಿಗೂ ತಾಗದ ದಿಕ್ಕಿಗಿರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ತೋಟೆಗಳನ್ನು ತುಂಬಿಡುವ ಡಬ್ಬಿ, ಅಂದರೆ ಮ್ಯಾಗಜಿನ್ ಇರುವ ರೈಫಲ್ ಆದರೆ ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟ್ ಎಳೆಯಿರಿ. ಇದು ಹಿಂದುಮುಂದಾದರೆ ಕೆಲಸ ಕೆಟ್ಟಿತು. ಬೋಲ್ಟ್ ಎಳೆದಾಗ ಒಂದು ತೋಟೆ ಹೊರಗೆ ಬೀಳುತ್ತದೆ, ಮುಂದಕ್ಕೆ ತಳ್ಳಿದಾಗ ಮ್ಯಾಗಜಿನ್‌ನಿಂದ ಇನ್ನೊಂದು ತೋಟೆ, ನಳಿಕೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಾದ ಚೇಂಬರ್‌ಗೆ ಹೋಗಿ ಕೂರುತ್ತದೆ. ಬಿದ್ದ ತೋಟೆ ಕಣ್ಣಿಗೆ ಕಂಡಿರುತ್ತದೆ, ಹೊಕ್ಕ ತೋಟೆ ಕಂಡಿರುವುದಿಲ್ಲ. ಚೇಂಬರನ್ನು ಕಣ್ಣಿಂದ ನೋಡಿ, ಕತ್ತಲಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ನಳಿಕೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಲ್ಲಿ ಹೀಗೆ ನೋಡಲು ದಾರಿಯಿಲ್ಲ. ಮೊದಲು ಮದ್ದಿಗೆ ಕಿಡಿ ಕೊಡುವ ಕೇಪು ತೆಗೆಯಬೇಕು. ನಳಿಕೆಯೊಳಗೆ ಮದ್ದು ಒತ್ತುವ ಗಜದ ಕೋಲಿನ ಮೇಲೆ ಖಾಲಿ ನಳಿಕೆಯ ಆಳಕ್ಕೆ ಒಂದು ಗೆರೆ, ತುಂಬಿದ ನಳಿಕೆಯ ಆಳಕ್ಕೆ ಒಂದು ಗೆರೆ ಹಾಕಿಟ್ಟುಕೊಂಡರೆ ಒಳಗೆ ಏನಿದೆ ಅನ್ನುವುದನ್ನು ಕೋಲೇ ಹೇಳುತ್ತದೆ. ಕೋಲು ಇಳಿಸುವಾಗ ಮುಖ, ಕೈ ನಳಿಕೆಯ ಬಾಯಿಗೆ ನೇರವಾಗಿರಬಾರದು.

ಇನ್ನೊಬ್ಬರ ಕೈಗೆ ಕೊಡುವಾಗ ತೆರೆದು ತೋರಿಸಿಯೇ ಕೊಡಿ. ಇಸಿದುಕೊಂಡವರೂ ಮತ್ತೆ ನೋಡಲಿ. ಅದನ್ನು ಅವಮಾನ ಅಂದುಕೊಳ್ಳುವವರ ಜೊತೆ ಬೇಟೆಗೆ ಹೋಗಬೇಡಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಬೇಲಿ ದಾಟುವಾಗ, ಮರ ಹತ್ತುವಾಗ, ಜಾರುವ ಹಳ್ಳ ಇಳಿಯುವಾಗ ತೋಟೆ ತೆಗೆದೇ ಮುಂದೆ ಹೋಗಿ. ಸೇಫ್ಟಿ ಗುಂಡಿ ಹಾಕಿದ್ದೇನೆ ಅನ್ನುವುದು ಸಾಲದು. ಎಷ್ಟೋ ಕೋವಿಗಳಲ್ಲಿ ಆ ಗುಂಡಿ ಟ್ರಿಗರನ್ನು ಮಾತ್ರ ತಡೆಯುತ್ತದೆ. ಕೋವಿ ಕೆಳಗೆ ಬಿದ್ದ ಏಟಿಗೆ ಒಳಗಿನ ಭಾಗ ಜಾರಿದರೆ ಅದು ಏನೂ ಮಾಡಲಾರದು.

ನಳಿಕೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದರ ಒಳ ಅಗಲವನ್ನು ಬೋರ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದರೆ ಒಂದೊಂದರ ಅಡ್ಡಳತೆ ಎಷ್ಟೋ ಅದೇ 12 ಬೋರ್, ಸುಮಾರು 18.5 ಮಿಲಿಮೀಟರ್. 20 ಗುಂಡು ಮಾಡಿದರೆ 20 ಬೋರ್, ಸುಮಾರು 15.6 ಮಿಲಿಮೀಟರ್. ಸಂಖ್ಯೆ ದೊಡ್ಡದಾದಷ್ಟೂ ನಳಿಕೆ ಸಣ್ಣದು. ಈಗ 12 ಬೋರಿನ ಕೋವಿಗೆ ಗೊತ್ತಿಲ್ಲದೆ 20ರ ತೋಟೆ ಹಾಕಿದಿರಿ ಅನ್ನಿ. ಅದು ಚೇಂಬರ್ ದಾಟಿ ಮುಂದೆ ಜಾರಿ, ನಳಿಕೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಬರೀ ಟಕ್ ಅನ್ನುತ್ತದೆ. 'ಓ, ತೋಟೆ ಹಾಕಲು ಮರೆತೆ' ಅನ್ನಿಸುತ್ತದೆ. ಚೇಂಬರ್ ಖಾಲಿ ಕಾಣುತ್ತದೆ, 12ರ ತೋಟೆ ಅದರ ಹಿಂದೆ ಸರಿಯಾಗಿ ಕೂರುತ್ತದೆ. ಮುಂದಿನ ಈಡಿಗೆ ನಳಿಕೆಯೇ ಒಡೆಯುತ್ತದೆ, ಅದೂ ಎಡಗೈ ಹಿಡಿದಿರುವ ಜಾಗದ ಹತ್ತಿರವೇ. ಈ ಕಾರಣಕ್ಕೇ 20 ಬೋರಿನ ತೋಟೆಗೆ ಸಾಮಾನ್ಯವಾಗಿ ಹಳದಿ ಬಣ್ಣ ಕೊಡುತ್ತಾರೆ. ಬಣ್ಣ ಒಂದನ್ನೇ ನಂಬಬೇಡಿ. ಎರಡು ಬೋರಿನ ತೋಟೆ ಒಂದೇ ಜೇಬಿಗೆ, ಒಂದೇ ಚೀಲಕ್ಕೆ ಹೋಗಲೇಬಾರದು.

ಕೆಸರು, ಮಂಜು, ಒಳಗೇ ಮರೆತ ಒರೆಸುವ ಬಟ್ಟೆ, ಇವುಗಳಿಂದಲೂ ಇದೇ ಅಪಾಯ. ಬಿದ್ದು ಎದ್ದ ಮೇಲೆ ತೋಟೆ ತೆಗೆದು, ಹಿಂಬದಿಯಿಂದ ನಳಿಕೆಯಲ್ಲಿ ಬೆಳಕು ನೋಡಿ. ಈಡಿನ ಸದ್ದು ಮಾಮೂಲಿಗಿಂತ ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಗುಂಡು ನಳಿಕೆಯೊಳಗೇ ಉಳಿದಿರಬಹುದು. ಸದ್ದೇ ಬರದಿದ್ದರೆ ತಕ್ಷಣ ತೆರೆಯಬೇಡಿ. ಕೆಲವು ತೋಟೆ ತಡವಾಗಿ ಸಿಡಿಯುತ್ತವೆ. ಬಾಯಿ ಸುರಕ್ಷಿತ ದಿಕ್ಕಿಗೇ ಇಟ್ಟು ಕನಿಷ್ಠ ಒಂದು ನಿಮಿಷ ಕಾಯಿರಿ.

ಗುರಿ ನೋಡಲು ಕೋವಿಯ ಮೇಲೆ ಕೂರಿಸುವ ಸ್ಕೋಪಿನ ಬಗ್ಗೆ ಒಂದು ಮಾತು. ಪೊದೆಯಲ್ಲಿ ಅಲ್ಲಾಡಿದ್ದು ಪ್ರಾಣಿಯೋ ಮನುಷ್ಯರೋ ಅಂತ ಸ್ಕೋಪಿನಲ್ಲಿ ನೋಡುವುದೆಂದರೆ ಅವರತ್ತ ಕೋವಿ ತಿರುಗಿಸಿದಂತೆಯೇ. ನೋಡುವುದಕ್ಕೆ ದುರ್ಬೀನು ಇದೆ. ಸುಮಾರು .22 ಇಂಚು ಅಡ್ಡಳತೆಯ ಸಣ್ಣ ಗುಂಡು ಕೂಡ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗಬಲ್ಲದು. ಗುರಿಯ ಹಿಂದೆ ಏನಿದೆ ಅಂತ ಗೊತ್ತಿಲ್ಲದಿದ್ದರೆ ಈಡು ಬೇಡ.

ಮನೆಗೆ ಬಂದ ಮೇಲೆ ಒರೆಸುವ ಕೆಲಸ. ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಕೂತುಕೊಳ್ಳಿ. ಸಾಧ್ಯವಾದಷ್ಟೂ ಹಿಂಬದಿಯಿಂದಲೇ ಕೋಲು ಹಾಕಿ. ಬಾಯಿಯ ಅಂಚು ಸವೆದರೆ ರೈಫಲಿನ ಗುರಿ ಕೆಡುತ್ತದೆ. ಕಪ್ಪು ಮದ್ದಿನ ಮಸಿಯಲ್ಲಿ ನೀರು ಹೀರುವ ಉಪ್ಪಿನ ಅಂಶ ಇರುತ್ತದೆ, ಅದು ಎಣ್ಣೆಗೆ ಕರಗುವುದಿಲ್ಲ. ಬಿಸಿನೀರು, ಸಾಬೂನಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿ. ಎಣ್ಣೆ ತೆಳುವಾಗಿ ಸಾಕು. ಜಾಸ್ತಿ ಸುರಿದರೆ ಚಳಿಗೆ ಗಟ್ಟಿಯಾಗಿ ಒಳಗಿನ ಚಲನೆ ತಡೆಯುತ್ತದೆ, ಮರಕ್ಕೆ ಇಳಿದು ಮರವನ್ನು ಮೆತ್ತಗೆ ಮಾಡುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಅದು ತೇವ ಹಿಡಿದಿಟ್ಟು ತುಕ್ಕು ತರುತ್ತದೆ. ಟ್ರಿಗರ್ ಹಗುರ ಮಾಡುತ್ತೇನೆ ಅಂತ ಅರ ಹಿಡಿದು ಉಜ್ಜಬೇಡಿ, ಅದು ಕಸುಬು ಬಲ್ಲವರ ಕೆಲಸ. ಮಸಿಯಲ್ಲಿ ಸೀಸ ಇರುತ್ತದೆ, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ಇನ್ನು ಇಡುವ ಜಾಗ. ಕೋವಿ ಖಾಲಿ ಮಾಡಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ. ಮನೆಗೆ ಬೆಂಕಿ ಬಿದ್ದರೂ ಇದು ಕಾಪಾಡುತ್ತದೆ. ಬಿಡಿಯಾಗಿರುವ ತೋಟೆ ಬಿಸಿಗೆ ಒಡೆದರೆ ಅದರ ಗುಂಡಿಗೆ ಕೋವಿಯಿಂದ ಹೊರಟಷ್ಟು ವೇಗ ಬರುವುದಿಲ್ಲ. ಚೇಂಬರಿನಲ್ಲಿ ಉಳಿದ ತೋಟೆ ಮಾತ್ರ ಈಡು ಹೊಡೆದ ಹಾಗೇ ಹೊರಡುತ್ತದೆ. ತುಂಬಿದ ಕೋವಿಗೆ ಟ್ರಿಗರ್ ಬೀಗ ಹಾಕಬೇಡಿ, ಹಾಕುವಾಗಲೇ ಟ್ರಿಗರ್ ಒತ್ತಿಹೋಗಬಹುದು. ಬೀರುವಿನ ಮೇಲೆ, ಹಾಸಿಗೆಯ ಕೆಳಗೆ ಬಚ್ಚಿಟ್ಟರೆ ಸಾಕು ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯಲ್ಲಿ ಮಕ್ಕಳಿಗೆ ಸಿಗದ ಜಾಗ ಅಂತ ಒಂದಿಲ್ಲ.

ಬೀಗದ ಕೈ ನಿಮ್ಮ ಹತ್ತಿರ ಮಾತ್ರ ಇರಲಿ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ, ಬದುಕು ಬೇಡ ಅನ್ನುವಂಥ ಮಾತಾಡುತ್ತಿದ್ದರೆ ಬೀಗವೂ ಸಾಲದು. ಅಂಥ ಹೊತ್ತು ದಾಟುವವರೆಗೆ, ಕಾನೂನು ಒಪ್ಪುವ ರೀತಿಯಲ್ಲಿ ಕೋವಿಯನ್ನು ಮನೆಯಿಂದ ಹೊರಗೆ ಬೇರೆ ಕಡೆ ಇಡಿಸಿ. ಅವರನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಿಮ್ಮದೇ ಮನಸ್ಸು ಹಾಗಾಗಿದ್ದರೆ ಬೀಗದ ಕೈಯನ್ನು ನೀವು ನಂಬುವವರಿಗೆ ಇವತ್ತೇ ಕೊಟ್ಟುಬಿಡಿ.