ತೂಕ ಬದಲಿಸುವ ಡಂಬಲ್: ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗವಿದ್ದರೂ ಸಾಕು, ತೂಕ ಬದಲಿಸಬಹುದಾದ ಒಂದು ಜೊತೆ ಡಂಬಲ್‌ನಿಂದ ಇಡೀ ಮೈಗೆ ವ್ಯಾಯಾಮ ಕೊಡಬಹುದು. ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವುದು ‘ಹೆಚ್ಚೆಂದರೆ ಎಷ್ಟು ಕಿಲೋ?’ ಎಂದು. ಮೊದಲು ಕೇಳಬೇಕಾದದ್ದು ಬೇರೆ: ತೂಕ ಎಷ್ಟೆಷ್ಟು ಏರುತ್ತದೆ? ಪ್ಲೇಟುಗಳನ್ನು ಹಿಡಿದಿಡುವುದು ಯಾವುದು?

ಇಪ್ಪತ್ತು ಕಿಲೋದಿಂದ ಇಪ್ಪತ್ತೆರಡೂವರೆಗೆ ಹೋದರೆ ಹೆಚ್ಚುವುದು ಎಂಟನೇ ಒಂದು ಪಾಲು. ಐದರಿಂದ ಏಳೂವರೆಗೆ ಹೋದರೆ ಒಮ್ಮೆಲೇ ಅರ್ಧಪಾಲು ಹೆಚ್ಚಿತು! ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವ ವ್ಯಾಯಾಮದಲ್ಲಿ ಭುಜ ಇದನ್ನು ತಾಳುವುದಿಲ್ಲ. ಸೊಂಟ ಜೋಲಿ ಹೊಡೆದು ಎತ್ತಿಬಿಡುತ್ತದೆ. ಆದ್ದರಿಂದ ಹಗುರದ ಕಡೆಯಲ್ಲಿ ಏರಿಕೆ ಒಂದು ಕಿಲೋದ ಆಸುಪಾಸಿನಲ್ಲಿರಲಿ.

ಸರಳಿಗೆ ಪ್ಲೇಟು ಪೋಣಿಸಿ ನಟ್ಟು ಬಿಗಿಯುವ ಬಗೆಯಲ್ಲಿ ಒಂದು ಲೆಕ್ಕ ತಪ್ಪಿಹೋಗುತ್ತದೆ. ಎರಡೂ ಬದಿಗೆ ಸಮನಾಗಿ ಹಾಕಬೇಕಲ್ಲ? ಹಾಗಾಗಿ 1.25 ಕಿಲೋ ಪ್ಲೇಟು ಎಂದರೆ ಏರಿಕೆ 2.5 ಕಿಲೋ. ಏರಿಕೆ ಒಂದು ಕಿಲೋದ ಆಸುಪಾಸಿನಲ್ಲಿರಬೇಕಾದರೆ ಅರ್ಧ ಕಿಲೋದ ಪ್ಲೇಟುಗಳು ಬೇಕು, ಒಂದು ಜೊತೆ ಡಂಬಲ್‌ಗೆ ನಾಲ್ಕು. ಅವುಗಳೊಂದಿಗೆ 2.5 ಕಿಲೋದ ಎಂಟು, 1.25 ಕಿಲೋದ ನಾಲ್ಕು ಇಟ್ಟುಕೊಳ್ಳಿ. ಸರಳು, ನಟ್ಟು ಸೇರಿ ಎರಡು ಕಿಲೋ ಇದ್ದರೆ ಒಂದೊಂದು ಡಂಬಲ್ 15.5 ಕಿಲೋ ಆಗುತ್ತದೆ. ಸರಳಿನ ದಪ್ಪವನ್ನೂ ಪ್ಲೇಟಿನ ರಂಧ್ರವನ್ನೂ ಅಳೆದು ನೋಡಿ; 28 ಮಿಲಿಮೀಟರ್ ಸರಳಿಗೆ 26ರ ರಂಧ್ರ ಹೋಗದು, 50ರದ್ದು ಗಡಗಡ ಅಲುಗಾಡುತ್ತದೆ. ಸಿಮೆಂಟು ತುಂಬಿದ ಪ್ಲಾಸ್ಟಿಕ್ ಪ್ಲೇಟು ಬಲು ದಪ್ಪ, ನಾಲ್ಕೈದು ಹಾಕುವಷ್ಟರಲ್ಲಿ ನಟ್ಟಿಗೇ ಜಾಗವಿರದು. ಎರಕದ ಕಬ್ಬಿಣವೇ ಮೇಲು. ಮಣಿಕಟ್ಟು ತಿರುಗಿದಂತೆಲ್ಲ ನಟ್ಟು ಸಡಿಲಾಗುತ್ತದೆ. ಒಳಗೆ ರಬ್ಬರ್ ಬಳೆಯಿರುವ ನಟ್ಟನ್ನು ಆರಿಸಿ, ಪ್ರತಿ ಸೆಟ್‌ಗೂ ಮುನ್ನ ಬಿಗಿ ನೋಡಿ.

ಡಯಲ್ ತಿರುಗಿಸುವ ಬಗೆಯಲ್ಲಿ ತೂಕ ಬದಲಿಸಲು ಕೆಲವು ಕ್ಷಣ ಸಾಕು. ಆದರೆ ಅನೇಕ ಮಾದರಿಗಳು ಎರಡು ಕಿಲೋಗೂ ಇಪ್ಪತ್ತು ಕಿಲೋಗೂ ಅಷ್ಟೇ ಉದ್ದ. ಹಗುರ ತೂಕದಲ್ಲೂ ಎರಡು ಡಂಬಲ್‌ಗಳ ತುದಿಗಳು ಒಂದಕ್ಕೊಂದು ತಾಗುತ್ತವೆ. ಡಂಬಲ್ ಕೂರುವ, ಬೇಡದ ಪ್ಲೇಟುಗಳು ಉಳಿಯುವ ಸ್ಟ್ಯಾಂಡು ಸಮತಟ್ಟಾದ ನೆಲದಲ್ಲಿರಲಿ. ಡಯಲ್ ಎರಡು ಅಂಕಿಗಳ ನಡುವೆ ನಿಂತರೆ ಕೊಂಡಿ ಪ್ಲೇಟನ್ನು ಪೂರ್ತಿ ಹಿಡಿದಿರುವುದಿಲ್ಲ, ತಲೆಯ ಮೇಲೆ ಎತ್ತಿದಾಗ ಅದು ಕಳಚಬಹುದು. ಇದು ಬರೀ ಊಹೆಯಲ್ಲ: ಪ್ಲೇಟು ಕಳಚುವ ಅಪಾಯದಿಂದಾಗಿಯೇ 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಬೋಫ್ಲೆಕ್ಸ್ ಬ್ರ್ಯಾಂಡಿನ 552 ಮತ್ತು 1090 ಮಾದರಿಯ ಸುಮಾರು 38 ಲಕ್ಷ ಡಂಬಲ್‌ಗಳನ್ನು ಹಿಂದಕ್ಕೆ ಕರೆಸಲಾಯಿತು. ತೂಕ ಬದಲಿಸಿದ ಮೇಲೆ ಪ್ರತಿ ಬಾರಿಯೂ ಸ್ಟ್ಯಾಂಡಿನಿಂದ ಒಂದು ಗೇಣಿಗಿಂತ ಕಡಿಮೆ ಎತ್ತಿ, ಮೆಲ್ಲಗೆ ಅತ್ತಿತ್ತ ವಾಲಿಸಿ ನೋಡಿ. ದಯವಿಟ್ಟು ಇದನ್ನು ಮರೆಯಬೇಡಿ. ನೆಲಕ್ಕೆ ಎಸೆಯಲೂಬೇಡಿ, ಒಳಗಿನ ಕೊಂಡಿಗಳು ಮುರಿಯುತ್ತವೆ.

ಪಿನ್ನು ಸಿಕ್ಕಿಸುವ ಬಗೆಯೂ ಇದೆ. ಚೌಕಾಕಾರ, ಗಿಡ್ಡ, ಗಟ್ಟಿ. ಹಿಡಿ ಚೌಕಟ್ಟಿನ ಒಳಗಿರುವುದರಿಂದ ಅಗಲ ಮಣಿಕಟ್ಟಿನವರು ಕೈಹಾಕಿ ನೋಡಿಯೇ ಕೊಳ್ಳಬೇಕು.

ಬಳಸಿದ ಡಂಬಲ್ ಕೊಳ್ಳುವುದಾದರೆ ಡಯಲಿನ ಪ್ರತಿಯೊಂದು ಅಂಕಿಯಲ್ಲೂ ನಿಲ್ಲಿಸಿ ಎತ್ತಿ, ಎಷ್ಟು ಪ್ಲೇಟು ಮೇಲೆ ಬಂದವು, ಎಷ್ಟು ಕೆಳಗೇ ಉಳಿದವು ಎಂದು ಎಣಿಸಿ. ಎರಡು ಬದಿಗಳ ಎಣಿಕೆ ಒಂದೇ ಆಗಿರದಿದ್ದರೆ ಆ ಜೊತೆಯನ್ನು ಬಿಟ್ಟುಬಿಡಿ. ನಮಸ್ಕಾರ.