ಒಂದು ಪಾವು ಸಕ್ಕರೆ ಕಡ

ಬಡಾವಣೆಯ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ನಮಸ್ಕಾರ.

ನೆರೆಹೊರೆಯ ಉಪಕಾರದ ಬಗ್ಗೆ ನಾಲ್ಕು ಮಾತಾಡಿ ಅಂತ ಸಂಘದವರು ಕರೆದರು. ಕನ್ನಡದಲ್ಲಿ ಇಂಥ ಭಾಷಣ ಲಕ್ಷ್ಮೀಧರಾಮಾತ್ಯನ ಶಾಸನವಿಲ್ಲದೆ ಶುರುವಾಗುವುದೇ ಇಲ್ಲ. ವಿಜಯನಗರ ಕಾಲದ ಆ ಪದ್ಯದಲ್ಲಿ ತಾಯಿ ಹಾಲೂಡಿಸುತ್ತಲೇ ಮಗುವಿನ ಕಿವಿಯಲ್ಲಿ ಹೇಳುತ್ತಾಳೆ: ‘ಕೆರೆಯಂ ಕಟ್ಟಿಸು, ಬಾವಿಯಂ ಸವೆಸು.’ ಸರಿ, ಆ ಮಗು ಮುಂದೆ ಅಮಾತ್ಯನಾಯಿತು, ಬಾವಿ ತೋಡಿಸುವ ತಾಕತ್ತು ಬಂತು. ನನಗೆ ಕುತೂಹಲ ಇರುವುದು ಬೇರೆಯವರ ಮೇಲೆ. ಅಂಥ ಬಾವಿಕಟ್ಟೆಯಲ್ಲಿ ಯಾವಳೋ ಒಬ್ಬಳು ಹಗ್ಗ ಮರೆತು ಬಂದಿರುತ್ತಾಳಲ್ಲ? ಅವಳಿಗೆ ಹಗ್ಗ ಕೊಟ್ಟವಳ ಹೆಸರಲ್ಲಿ ಶಾಸನವಿಲ್ಲ. ‘ಅಕ್ಕಾ, ಒಂಚೂರು ಹಗ್ಗ ಕೊಡ್ತೀಯಾ’ ಅಂತ ಕೇಳಿದವಳ ಹೆಸರಲ್ಲಂತೂ ಇಲ್ಲವೇ ಇಲ್ಲ. ಇವತ್ತು ನಾನು ಆ ಕೇಳಿದವಳ ಪರ ವಕಾಲತ್ತು ವಹಿಸಿ ಬಂದಿದ್ದೇನೆ.

ನಾನು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ಏಳು ಮನೆ, ಒಂದು ನಲ್ಲಿ. ಬೆಂಗಳೂರಿಗೆ ಕಾವೇರಿ ನೀರು 1974ರಲ್ಲೇ ಬಂದಿತ್ತು. ಆದರೆ ಸುಮಾರು 100 ಕಿಲೋಮೀಟರ್ ದೂರದಿಂದ ಏರಿ ಬರುವ ಆ ನೀರು ನಮ್ಮ ನಲ್ಲಿ ಮುಟ್ಟುವಾಗ ರಾತ್ರಿ ಮೂರು ಗಂಟೆ. ಯಾರಿಗೆ ಮೊದಲು ಎಚ್ಚರವಾದರೂ ಏಳೂ ಬಾಗಿಲು ಬಡಿಯಬೇಕು: ‘ನೀರು ಬಂತು, ಏಳ್ರೀ!’ ಹಿಂದಿನ ದಿನ ಕೊಡದ ಸರದಿಗಾಗಿ ಕಿತ್ತಾಡಿದವರ ಬಾಗಿಲನ್ನೂ. ಜಗಳ ಬೇರೆ, ನೀರು ಬೇರೆ.

ಅಂಗಡಿಯಲ್ಲಿ ಕಿಲೋ, ಲೀಟರು ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮಜ್ಜಿಯ ಅಡುಗೆಮನೆಯಲ್ಲಿ ನಡೆಯುತ್ತಿದ್ದದ್ದು ಪಾವು. ತಲೆ ಸವರಿದ ಪಾವು ಸಕ್ಕರೆ ಕಡ ತಂದರೆ, ಗೋಪುರ ಕಟ್ಟಿದ ಪಾವು ವಾಪಸ್ ಕೊಡಬೇಕು. ಕೊಟ್ಟವರು ಅದೇ ಬಟ್ಟಲಲ್ಲಿ ಏನಾದರೂ ಹಾಕಿ ಕಳಿಸುತ್ತಿದ್ದರು, ಏನೂ ಇಲ್ಲದಿದ್ದರೆ ಎರಡೆಸಳು ಕರಿಬೇವು. ಲೆಕ್ಕ ಚುಕ್ತಾ ಆಗದ ಹಾಗೆ ನೋಡಿಕೊಳ್ಳುವುದೇ ಅದರ ಗುಟ್ಟು. ಚುಕ್ತಾ ಆದರೆ ಮತ್ತೆ ಆ ಮನೆಗೆ ಹೋಗಲು ನೆಪ ಎಲ್ಲಿ?

ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು ಹೊರಗೆ ಕೊಡಬಾರದು ಅಂತ ಇನ್ನೊಂದು ಕಟ್ಟಳೆ. ನಾನು ಹೆಪ್ಪಿಗೆ ಹೋದರೆ ಎದುರುಮನೆ ಅತ್ತೆ ‘ಈಗ ಕೊಡಲ್ಲ ಕಣೋ’ ಅಂದು, ಬಟ್ಟಲನ್ನು ಹೊಸಿಲಾಚೆ ಇಟ್ಟು ಬೆನ್ನು ತಿರುಗಿಸುತ್ತಿದ್ದರು. ಶಾಸ್ತ್ರವೂ ಉಳಿಯಿತು, ನಮ್ಮನೆ ಮೊಸರೂ ಆಯಿತು.

ವಠಾರ ಸ್ವರ್ಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಮನೆ ಬಾಡಿಗೆಗೆ ಕೇಳಿ ಬಂದವರ ಜಾತಿ ವಿಚಾರಿಸಿ ವಾಪಸ್ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಹೆಪ್ಪು ಏಳು ಮನೆ ಸುತ್ತುತ್ತಿತ್ತು, ಗೇಟು ದಾಟುತ್ತಿರಲಿಲ್ಲ. ಇದನ್ನು ಬಿಟ್ಟು ಹಳೆಯ ಕಾಲ ಹೊಗಳಿದರೆ ಸುಳ್ಳಾಗುತ್ತದೆ.

ಈಗಿನ ತೊಂದರೆ ಬೇರೆ. ಕೊಡುವವರು ಕಡಿಮೆಯಾಗಿಲ್ಲ. ರಾಮನವಮಿಗೆ ಬೀದಿಬೀದಿಯಲ್ಲೂ ಪಾನಕ, ಕೋಸಂಬರಿ ಇದೆ. ಬೇಸಿಗೆಯಲ್ಲಿ ಅರವಟ್ಟಿಗೆ ಇದೆ, ದಾನಿಗಳ ಫೋಟೋ ಸಮೇತ! ಕಡಿಮೆಯಾಗಿರುವುದು ಕೇಳುವವರು. ಹಿಂದೆ ಮನೆಯಲ್ಲಿ ಫೋನಿಲ್ಲದವರು ವಿಸಿಟಿಂಗ್ ಕಾರ್ಡಿನಲ್ಲೇ ಪಕ್ಕದ ಮನೆಯ ನಂಬರ್ ಅಚ್ಚು ಹಾಕಿಸಿ, ಮುಂದೆ ‘ಪಿ.ಪಿ.’ ಅಂತ ಸೇರಿಸುತ್ತಿದ್ದರು. ನಾಚಿಕೆಯೇನೂ ಇರಲಿಲ್ಲ. ಈಗ ಒಂದು ಕಟ್ಟು ಕೊತ್ತಂಬರಿಗೂ ಮೊಬೈಲ್ ಒತ್ತುತ್ತೇವೆ, ಹತ್ತು ನಿಮಿಷಕ್ಕೆ ಹುಡುಗ ಬಾಗಿಲಿಗೆ ತರುತ್ತಾನೆ. ಯಾರ ಹಂಗೂ ಬೇಡ ಅನ್ನುವುದನ್ನೇ ಮರ್ಯಾದೆ ಅಂದುಕೊಂಡಿದ್ದೇವೆ.

ಹೋದ ತಿಂಗಳು ನಾನೇ ಧೈರ್ಯ ಮಾಡಿ ನಮ್ಮ ಅಪಾರ್ಟ್‌ಮೆಂಟಿನ ಎದುರು ಫ್ಲ್ಯಾಟಿನ ಬೆಲ್ ಒತ್ತಿ ಹೆಪ್ಪು ಕೇಳಿದೆ. ಆ ಹುಡುಗ ಗಾಬರಿಯಾಗಿ, ‘ಅಂಕಲ್, ಮೊಸರು ಆರ್ಡರ್ ಮಾಡಿಕೊಡ್ಲಾ?’ ಅಂದ. ‘ಬೇಡಪ್ಪ, ಒಂದು ಚಮಚ ಸಾಕು’ ಅಂದೆ. ಕೊಟ್ಟ. ಮೂರು ದಿನ ಬಿಟ್ಟು ಅವನ ಹೆಂಡತಿ ಬಂದಳು: ‘ಅಂಕಲ್, ತುರಿಯೋಮಣೆ ಇದೆಯಾ?’

ತುರಿಯೋಮಣೆ ಇನ್ನೂ ವಾಪಸ್ ಬಂದಿಲ್ಲ. ನಮ್ಮ ಮನೆಯವಳು ದಿನಾ ಬೈಯುತ್ತಾಳೆ. ನಾನಂತೂ ಕೇಳಲು ಹೋಗಿಲ್ಲ.